ತೊಂಬತ್ತಮೂರರ ಬೆಳ್ಳಿ ಡಾಲರ್

ಮಾರ್ಚ್ ಆರು, ಗುರುವಾರ. ಬೆಳಿಗ್ಗೆ ಎಂಟೂಕಾಲಿಗೆ ಕಾರ್ವಿನ್ ಠಾಣೆಯ ಫೋನ್ ಹೊಡೆದುಕೊಂಡಿತು. ದೂರು ಹೇಳಿದವರು ಮಿಲ್ ಬೀದಿಯ ವಿಲ್ಮಾ ಶ್ರೋಯರ್, ವಯಸ್ಸು ಎಪ್ಪತ್ತೊಂಬತ್ತು. ಹಿಂದಿನ ದಿನ ಗಂಡನ ಕಣ್ಣು ತೋರಿಸಲು ಕೊಲಂಬಸ್ಸಿಗೆ ಹೋಗಿದ್ದರು. ಸಂಜೆ ಬಂದವರು ದಣಿವಿಗೆ ಹಾಗೆಯೇ ಮಲಗಿಬಿಟ್ಟರು. ಬೆಳಿಗ್ಗೆ ಎದ್ದು ನೋಡಿದರೆ ಹಿಂಬಾಗಿಲಿನ ಗಾಜು ಒಡೆದಿದೆ, ಗಂಡನ ಹಳೇ ನಾಣ್ಯಗಳು ಇಲ್ಲ.

ಸಾರ್ಜೆಂಟ್ ಡೆಲ್ ಹ್ರುಸ್ಕಾ ದೂರು ಬರೆದುಕೊಂಡ. ಅವನಿಗೆ ನಿವೃತ್ತಿಗೆ ಇನ್ನೊಂದೇ ವರ್ಷ. ಆ ಚಳಿಗಾಲ ಅವನನ್ನು ಹಿಂಡಿ ಹಾಕಿತ್ತು. ಮುಚ್ಚಿದ ಗಾಜಿನ ಕಾರ್ಖಾನೆಯಿಂದ ತಾಮ್ರದ ಕೊಳವೆ ಕೀಳುವವರು, ಮಾತ್ರೆ ನುಂಗಿ ಕಾರಿನಲ್ಲೇ ಹೆಣವಾಗುವವರು, ಅವರ ತಾಯಂದಿರಿಗೆ ಹೋಗಿ ಸುದ್ದಿ ಹೇಳುವ ಕೆಲಸ. ನಾಣ್ಯ ಕಳವು ಎಂದಾಗ ಅವನಿಗೆ ಒಂದು ಬಗೆಯ ಸಮಾಧಾನವೇ ಆಯಿತು. ಯಾರೂ ಸತ್ತಿಲ್ಲವಲ್ಲ.

ಜೀಪಿನಲ್ಲಿ ಆಫೀಸರ್ ತಮಾರಾ ಪಿಟ್ಸ್ ಕೇಳಿದಳು, "ಮತ್ತೆ ಆ ಕೊಳವೆ ಹುಡುಗರೇ ಇರಬಹುದಾ ಸಾರ್ಜೆಂಟ್?"

"ನೋಡೋಣ. ಅವರು ನಾಣ್ಯಕ್ಕೂ ಬಾಟಲಿ ಮುಚ್ಚಳಕ್ಕೂ ವ್ಯತ್ಯಾಸ ಗೊತ್ತಿಲ್ಲದೋರು."

ಮಹಜರು ಅಡುಗೆಮನೆಯಿಂದ ಶುರುವಾಯಿತು. ಹಿಂಬಾಗಿಲ ಗಾಜಿನ ಚೂರುಗಳು ಒಳಗೆ ಬಿದ್ದಿದ್ದವು. ಹೊರಗಿನಿಂದಲೇ ಒಡೆದದ್ದು. ಪಿಟ್ಸ್ ಫೋಟೋ ತೆಗೆದಳು.

"ಬೀಗ ಒಳಗಿನಿಂದ ತೆಗೆದಿದ್ದಾನೆ ಅನ್ಸುತ್ತೆ," ಎಂದ ಹ್ರುಸ್ಕಾ.

ವಿಲ್ಮಾ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಯಾವ ಬೀಗ? ಆ ಬಾಗಿಲಿಗೆ ಬೀಗ ಹಾಕಿದ್ದು ನಾನಂತೂ ಕಂಡಿಲ್ಲ. ತಳ್ಳಿದ್ರೆ ತೆಗೀತಿತ್ತು. ಕಳ್ಳ ಅಂದ್ಮೇಲೆ ಅಷ್ಟಾದ್ರೂ ಬುದ್ಧಿ ಬೇಡ್ವೇನ್ರೀ?"

ಟಿವಿ ಅಲ್ಲೇ ಇತ್ತು. ವಿಲ್ಮಾರ ನೋವಿನ ಮಾತ್ರೆಗಳ ಸೀಸೆ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಇತ್ತು. ಕೊಳವೆ ಹುಡುಗರಾಗಿದ್ದರೆ ಮೊದಲು ಹೋಗುತ್ತಿದ್ದದ್ದು ಅದು.

ಎಲ್ಡನ್ ಶ್ರೋಯರ್ ಊಟದ ಮೇಜಿನ ಮುಂದೆ ಕೂತಿದ್ದರು. ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡಿದ ಆಳು. ಈಗ ಎಂಬತ್ತೊಂದು. ಅವರು ಹ್ರುಸ್ಕಾನ ಕಿವಿಯ ಆಚೆಗೆ ದೃಷ್ಟಿ ನೆಟ್ಟು ಮಾತಾಡಿದರು.

"ತಪ್ಪು ತಿಳೀಬೇಡಿ. ನನಗೆ ನಡುವೆ ಏನೂ ಕಾಣಲ್ಲ, ಕಪ್ಪು. ನಿಮ್ಮ ಮುಖ ನೋಡ್ಬೇಕಾದ್ರೆ ಪಕ್ಕಕ್ಕೆ ನೋಡ್ಬೇಕು."

ಎದುರಿಗೆ ದಪ್ಪ ಆಲ್ಬಂ ತೆರೆದಿತ್ತು. ಹಾಳೆ ಹಾಳೆಗೂ ಗುಂಡಗಿನ ಕಿಂಡಿಗಳು, ಕಿಂಡಿಗೊಂದು ಮಾರ್ಗನ್ ಡಾಲರ್. ಹಳೇ ಕಾಲದ ಬೆಳ್ಳಿ, ಒಂದು ಬದಿಗೆ ಹೆಣ್ಣಿನ ಮುಖ, ಇನ್ನೊಂದು ಬದಿಗೆ ಹದ್ದು. ನಲವತ್ತು ವರ್ಷ ಒಂದೊಂದಾಗಿ ಕೂಡಿಸಿದ ಸಾಲು. ಅದರಲ್ಲಿ ಹನ್ನೆರಡು ಕಿಂಡಿ ಖಾಲಿ.

"ಮುಖ್ಯವಾದದ್ದು ಯಾವುದು?"

"ತೊಂಬತ್ತಮೂರರದ್ದು, ಸಾವಿರದ ಎಂಟುನೂರ ತೊಂಬತ್ತಮೂರು. ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆದು. ಹದ್ದಿನ ಕೆಳಗೆ ಸಣ್ಣ ಎಸ್ ಅಕ್ಷರ ಇರುತ್ತೆ. ಆ ವರ್ಷ ಅಲ್ಲಿ ಅಚ್ಚಾಗಿದ್ದೇ ಕಮ್ಮಿ. ಅದಿಲ್ದೆ ಸಾಲು ಪೂರ್ತಿ ಅಲ್ಲ." ಎಲ್ಡನ್ ಆಲ್ಬಮ್ಮಿನ ಅಂಚನ್ನು ಬೆರಳಿನಿಂದ ಸವರಿದರು. "ಸೋಮವಾರ ಎಲ್ಲವನ್ನೂ ದರ್ಜೆ ಹಾಕೋರಿಗೆ ಕಳಿಸೋದಿತ್ತು. ಅವರು ನೋಡಿ, ಅಸಲಿ ಅಂತ ಹೇಳಿ, ದರ್ಜೆ ಬರೆದು, ಡಬ್ಬಿಯಲ್ಲಿ ಮುಚ್ಚಿ ಕಳಿಸ್ತಾರೆ. ಬೇಸಿಗೆ ಹೊತ್ತಿಗೆ ಉಳಿದದ್ದೂ ಹೋಗುತ್ತೆ ಅಂದ್ರು ಡಾಕ್ಟ್ರು. ಅಷ್ಟರಲ್ಲಿ ಆ ಡಬ್ಬಿ ಮೇಲಿನ ಅಕ್ಷರ ನಾನೇ ಓದ್ಬೇಕು ಅಂತಿತ್ತು. ಅಷ್ಟೇ."

ಹ್ರುಸ್ಕಾ ಆಲ್ಬಮ್ಮನ್ನು ಎತ್ತಿದ. ಅದರ ಕೆಳಗೆ ತಟ್ಟೆ ಒರೆಸುವ ಬಟ್ಟೆಯೊಂದು ಎರಡು ಮಡಿಕೆಯಾಗಿ ಹಾಸಿತ್ತು.

"ಇದು ನೀವು ಹಾಕಿದ್ದಾ?"

"ನಾನ್ಯಾಕೆ ಹಾಕ್ಲಿ? ಅದು ಒಲೆ ಹತ್ರ ನೇತಾಕಿರೋದು," ಎಂದರು ವಿಲ್ಮಾ.

"ಬಟ್ಟೆ ಹಾಸದೆ ನಾಣ್ಯ ತೆಗೀಬಾರದು," ಎಂದರು ಎಲ್ಡನ್, ಮಕ್ಕಳಿಗೆ ಹೇಳುವ ಹಾಗೆ. "ಜಾರಿ ಮೇಜಿನ ಮೇಲೆ ಬಿದ್ರೆ ಅಂಚು ಜಜ್ಜಿಹೋಗುತ್ತೆ." ಹೇಳಿದವರು ಅಲ್ಲಿಗೇ ನಿಲ್ಲಿಸಿದರು.

ಖಾಲಿ ಕಿಂಡಿಗಳ ಮೇಲಿನ ಪ್ಲಾಸ್ಟಿಕ್ ಪಟ್ಟಿಗಳನ್ನೂ ಯಾರೋ ನಾಜೂಕಾಗಿ ಸ್ವಸ್ಥಾನಕ್ಕೆ ಸರಿಸಿದ್ದರು. ಉಳಿದ ನಾಣ್ಯಗಳಿಗೆ ಗಾಳಿ ತಾಗದಿರಲಿ ಎಂದು.

ಹೊರಗೆ ಬಂದಾಗ ಪಿಟ್ಸ್ ಹೇಳಿದಳು, "ಗಾಜು ಒಡೆದದ್ದು ನಮಗೋಸ್ಕರ."

"ಹೂಂ. ಬಟ್ಟೆ ಹಾಸಿದ್ದು ಅವನಿಗೇ ಗೊತ್ತಿಲ್ದೆ, ಅಭ್ಯಾಸಕ್ಕೆ."

ಮಧ್ಯಾಹ್ನ ಇಬ್ಬರೂ ಮುಖ್ಯ ಬೀದಿಯ ಜಿನೀವಾ ಓಟ್ಸಳ ನಾಣ್ಯದ ಅಂಗಡಿಗೆ ಹೋದರು. ಜಿನೀವಾ ಕಾಗದದ ಪೊಟ್ಟಣದಲ್ಲಿ ಮೀಟ್‌ಲೋಫ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಪೊಲೀಸರನ್ನು ಕಂಡರೂ ನಿಲ್ಲಿಸಲಿಲ್ಲ.

"ಯಾರಾದ್ರೂ ಮಾರ್ಗನ್ ಡಾಲರ್ ಮಾರೋಕೆ ಬಂದಿದ್ರಾ?"

"ಬಂದಿದ್ರೆ ನಿನಗೆ ನಾನೇ ಫೋನ್ ಮಾಡ್ತಿದ್ದೆ ಡೆಲ್. ಏನೇನು ಹೋಗಿದೆ ಹೇಳು."

ಹ್ರುಸ್ಕಾ ಹನ್ನೆರಡನ್ನೂ ಓದಿದ, ಬಟ್ಟೆಯ ವಿಷಯವನ್ನೂ ಹೇಳಿದ. ಜಿನೀವಾ ಬೆರಳು ನೆಕ್ಕಿ, ಹುಬ್ಬು ಗಂಟು ಹಾಕಿದಳು.

"ಎಂಬತ್ತೊಂಬತ್ತರ ಕಾರ್ಸನ್ ಸಿಟಿ ಟಂಕಸಾಲೆ ನಾಣ್ಯ ಇತ್ತಲ್ಲ ಎಲ್ಡನ್ ಹತ್ರ?"

"ಅದು ಅಲ್ಲೇ ಇದೆ."

"ಅಲ್ಲೇ ಇದೆಯಾ! ತೊಂಬತ್ತಮೂರು ಬಿಟ್ರೆ ಬೆಲೆ ಬಾಳೋದು ಅದೇ ಕಣಯ್ಯ. ಅದನ್ನ ಬಿಟ್ಟು, ನನ್ನ ಅಂಗಡೀಲಿ ಡಬ್ಬಿಗಟ್ಟಲೆ ಬಿದ್ದಿರೋ ಹನ್ನೊಂದು ತಗೊಂಡು ಹೋಗಿದಾನೆ. ಬಟ್ಟೆ ಹಾಸಿದೋನಿಗೆ ಇಷ್ಟು ಗೊತ್ತಿರಲ್ವಾ? ಅವನಿಗೆ ಬೇಕಾಗಿದ್ದು ಒಂದೇ. ಮಿಕ್ಕಿದ್ದು ಕಣ್ಣಿಗೆ ಮಣ್ಣೆರಚೋಕೆ."

ದರ್ಜೆಗೆ ಕಳಿಸಲೆಂದು ವಿಲ್ಮಾ ಪ್ರತಿ ನಾಣ್ಯದ ಫೋಟೋ ತೆಗೆದಿದ್ದರು. ಪಿಟ್ಸ್ ತನ್ನ ಫೋನಿನಲ್ಲಿ ತೊಂಬತ್ತಮೂರರದ್ದನ್ನು ದೊಡ್ಡದು ಮಾಡಿ ತೋರಿಸಿದಳು. ಜಿನೀವಾ ಕನ್ನಡಕ ಏರಿಸಿ ನೋಡಿದಳು. ಆಮೇಲೆ ಸ್ಯಾಂಡ್‌ವಿಚ್ಚನ್ನು ಪೊಟ್ಟಣದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

"ಏನು?"

"ಆ ಹೆಣ್ಣಿನ ತಲೆಪಟ್ಟಿ ಮೇಲೆ ಲಿಬರ್ಟಿ ಅಂತ ಇದೆ ನೋಡು. ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಖದ ಬದಿಗೆ ಒಂದೇ ಅಚ್ಚು ಬಳಸಿದ್ದು. ಆ ಅಚ್ಚಲ್ಲಿ ಒಂದು ಗೀರಿತ್ತು. ಅದಕ್ಕೇ ಅಸಲಿ ನಾಣ್ಯ ಎಷ್ಟಿದ್ರೂ ಎಲ್ಲದರ ಟಿ ಅಕ್ಷರದ ತಲೇಲೂ ಓರೆಯಾಗಿ ಸಣ್ಣ ಗೆರೆ ಇರುತ್ತೆ. ಇದರಲ್ಲಿ ಇಲ್ಲ."

"ಅಂದ್ರೆ?"

"ಇದು ಫಿಲಡೆಲ್ಫಿಯಾ ಟಂಕಸಾಲೆದು. ಅಲ್ಲಿಯದಕ್ಕೆ ಅಕ್ಷರ ಇರಲ್ಲ. ಯಾರೋ ಎಸ್ ತಂದು ಹದ್ದಿನ ಕೆಳಗೆ ಅಂಟಿಸಿದಾರೆ. ಒಳ್ಳೇ ಕೆಲಸಗಾರ. ದರ್ಜೆ ಹಾಕೋರು ಮಾತ್ರ ಒಂದೇ ನೋಟಕ್ಕೆ ವಾಪಸ್ ಎಸೀತಿದ್ರು."

ಅಂಗಡಿಯಿಂದಲೇ ಹ್ರುಸ್ಕಾ ಎಲ್ಡನ್ನರಿಗೆ ಫೋನ್ ಮಾಡಿದ. ನಾಣ್ಯ ನಕಲಿ ಎಂದು ಹೇಳಲಿಲ್ಲ. ಯಾರಿಂದ ಕೊಂಡಿರಿ ಎಂದಷ್ಟೇ ಕೇಳಿದ.

"ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಡೇಟನ್ ನಾಣ್ಯ ಮೇಳದಲ್ಲಿ. ಯಾರೋ ಗುರುತಿಲ್ಲದೋನು. ನನಗೆ ಧೈರ್ಯ ಬರ್ಲಿಲ್ಲ. ಮರ್ಲ್ ಜೊತೇಲಿದ್ದ. ಭೂತಗನ್ನಡೀಲಿ ನೋಡಿ, 'ತಗೋ' ಅಂದ. ಮರ್ಲ್ ಹೇಳಿದ್ಮೇಲೆ ಮುಗೀತು."

ಮರ್ಲ್ ಟ್ಯಾಕೆಟ್. ಊರಿನ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುತ್ತಿದ್ದ ಮೇಷ್ಟ್ರು. ಹ್ರುಸ್ಕಾನಿಗೂ ಅವರೇ ಕಲಿಸಿದ್ದರು. ಹ್ರುಸ್ಕಾ ಫೋನ್ ಜೇಬಿಗಿಟ್ಟು ಅಂಗಡಿಯ ಕಿಟಕಿಯಿಂದ ಕೆಸರಾದ ಹಿಮವನ್ನು ನೋಡುತ್ತ ನಿಂತ. ಇದಕ್ಕಿಂತ ಕೊಳವೆ ಹುಡುಗರೇ ಆಗಿದ್ದರೆ ಎಷ್ಟೋ ಮೇಲಾಗಿತ್ತು ಅನಿಸಿತು.

ಮಾರ್ಚ್ ಹನ್ನೊಂದು, ಮಂಗಳವಾರ, ಎಲ್ಡನ್, ಮರ್ಲ್ ಇಬ್ಬರೂ ಸದಸ್ಯರಾಗಿದ್ದ ನಾಣ್ಯ ಕ್ಲಬ್ಬಿನ ಸಭೆ. ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಮಡಿಸುವ ಮೇಜುಗಳು, ದೀಪಗಳು, ಕಾಫಿ, ಅಂಗಡಿಯ ಡೋನಟ್. ಶ್ರೋಯರ್ ದಂಪತಿ ಬಂದಿರಲಿಲ್ಲ. ಬಂದಿದ್ದ ಹತ್ತು ಹನ್ನೆರಡು ಮಂದಿ ಎಲ್ಲರೂ ವಯಸ್ಸಾದವರೇ. ಅಲ್ಲಿಯ ಪದ್ಧತಿ ಹೀಗೆ: ತಂದವರು ನಾಣ್ಯವನ್ನು ಮಖಮಲ್ಲಿನ ಮೇಲಿಟ್ಟು 'ಹೇಳು' ಅನ್ನಬೇಕು. ಮರ್ಲ್ ಅಂಚು ಹಿಡಿದು, ದೀಪದ ಕೆಳಗೆ ಓರೆ ಮಾಡಿ, ದರ್ಜೆಯನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅದಕ್ಕಾಗಿ ಅವರು ಯಾರಿಂದಲೂ ಒಂದು ಸೆಂಟ್ ತೆಗೆದುಕೊಂಡವರಲ್ಲ. ಅವರು ಹೇಳಿದ ಮೇಲೆ ಎದುರು ಮಾತಿಲ್ಲ.

ಆ ಸಂಜೆ ಹ್ಯಾಂಕ್ ಎಂಬ ದಪ್ಪ ಮುದುಕ ಒಂದು ನಾಣ್ಯ ಇಟ್ಟು, "ಹೇಳು ಮರ್ಲ್," ಎಂದ.

ಮರ್ಲ್ ಮುಟ್ಟಲಿಲ್ಲ. "ಇವತ್ತು ಬೇಡಪ್ಪ. ಕಣ್ಣು ಯಾಕೋ ಸರಿಯಿಲ್ಲ."

"ನಿನಗೂ ಎಲ್ಡನ್ನನ ಗಾಳಿ ಬಡೀತೇನೋ?" ಎಂದ ಹ್ಯಾಂಕ್. ಎಲ್ಲರೂ ನಕ್ಕರು. ಮರ್ಲ್ ನಗಲಿಲ್ಲ.

ಗೋಡೆಯ ಪಕ್ಕ ಕಾಫಿ ಹಿಡಿದು ನಿಂತಿದ್ದ ಹ್ರುಸ್ಕಾನನ್ನು ಅವರು ನೋಡಿದರು. "ಏನೋ ಡೆಲ್, ನೀನು ಮಾಡಿದ ಸ್ಟೂಲು ಇನ್ನೂ ಕುಂಟುತ್ತಾ?"

"ಕಾಲಿಗೆ ರಟ್ಟು ಇಟ್ಟಿದೀನಿ ಮೇಷ್ಟ್ರೇ."

"ಒಂದು ಕಾಲು ಗಿಡ್ಡ ಕೊಯ್ದಿದ್ದೆ. ಕೊಯ್ಯೋಕೆ ಮುಂಚೆ ಎರಡು ಸಲ ಅಳತೆ ನೋಡು ಅಂದ್ರೆ ಕೇಳ್ತಿರ್ಲಿಲ್ಲ ನೀನು."

ಮಾರನೆಯ ದಿನ ಪಿಟ್ಸ್ ಮಿಲ್ ಬೀದಿಯ ಮನೆಮನೆಗೆ ಹೋಗಿ ವಿಚಾರಿಸಿದಳು. ಕಳವಿನ ದಿನ ಮಧ್ಯಾಹ್ನ ಮರ್ಲ್‌ರ ಹಸಿರು ಟ್ರಕ್ಕು ಶ್ರೋಯರ್ ಮನೆಯ ಹಿಂದಿನ ಓಣಿಯಲ್ಲಿ ನಿಂತಿದ್ದನ್ನು ಇಬ್ಬರು ಕಂಡಿದ್ದರು. ಯಾರಿಗೂ ಅದು ಹೇಳುವಂಥ ಸಂಗತಿ ಅನಿಸಿರಲಿಲ್ಲ. ಆ ಟ್ರಕ್ಕು ಅಲ್ಲಿ ನಿಲ್ಲದ ವಾರವೇ ಇರಲಿಲ್ಲ. ಸಂಜೆಯೊಳಗೆ ನ್ಯಾಯಾಧೀಶರು ಶೋಧನೆಯ ವಾರಂಟಿಗೆ ಸಹಿ ಹಾಕಿದರು.

ಮಾರ್ಚ್ ಹದಿಮೂರು, ಬೆಳಿಗ್ಗೆ. ಮರ್ಲ್ ಬಾಗಿಲು ತೆಗೆದು, ವಾರಂಟನ್ನು ಓದದೆಯೇ ಮಡಚಿ ಹಿಂದಕ್ಕೆ ಕೊಟ್ಟರು. "ಶೂ ಒರೆಸ್ಕೊಂಡು ಬನ್ನಿ," ಎಂದರು.

ಹುಡುಕುವ ಕೆಲಸ ಬೀಳಲಿಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲೆ ಹನ್ನೊಂದು ನಾಣ್ಯಗಳು ಒಂದೊಂದು ಕಾಗದದ ಚೀಲದಲ್ಲಿ ಸಾಲಾಗಿದ್ದವು. ಹನ್ನೆರಡನೆಯದು ಬಟ್ಟೆಯ ಮೇಲಿತ್ತು, ಪಕ್ಕದಲ್ಲಿ ಭೂತಗನ್ನಡಿ.

ಪಿಟ್ಸ್ ಚೀಟಿ ತೆಗೆದು ಅವರ ಹಕ್ಕುಗಳನ್ನು ಓದಿದಳು. ಸುಮ್ಮನಿರಬಹುದು, ವಕೀಲರನ್ನು ಕೇಳಬಹುದು. ಮರ್ಲ್ ತಲೆಯಾಡಿಸಿದರು.

"ನದಿಗೆ ಎಸೀಬಹುದಿತ್ತಲ್ಲ ಮೇಷ್ಟ್ರೇ?" ಎಂದ ಹ್ರುಸ್ಕಾ.

"ಎಸೀಬೇಕು ಅಂತಾನೇ ತಂದಿದ್ದು. ಆಗ್ಲಿಲ್ಲ. ದಿನಾ ಬೆಳಕು ಬಂದಾಗ ಕೂತು ನೋಡ್ತೀನಿ. ಆ ಟಿ ಮೇಲೆ ಎಲ್ಲಾದ್ರೂ ಗೆರೆ ಇದ್ದು, ನನಗೇ ಕಾಣ್ತಿಲ್ವೇನೋ ಅಂತ."

"ಯಾವಾಗ ಗೊತ್ತಾಯ್ತು?"

"ಕೊಂಡು ಎಂಟು ವರ್ಷಕ್ಕೆ, ತೊಂಬತ್ತೈದರಲ್ಲಿ. ಆ ಗೆರೆ ವಿಷಯ ಒಂದು ಪತ್ರಿಕೇಲಿ ಓದ್ದೆ. ಮುಂದಿನ ಸಭೇಲಿ ಎಲ್ಡನ್ನನ ನಾಣ್ಯ ಇಸ್ಕೊಂಡು ನೋಡ್ದೆ."

"ಅವತ್ತೇ ಹೇಳಬಹುದಿತ್ತು."

"ಬಾಯಿ ತೆರೆದೆ ಕಣೋ. ಅಷ್ಟರಲ್ಲಿ ಹ್ಯಾಂಕ್ ಅವರಪ್ಪನ ನಾಣ್ಯ ತಂದಿಟ್ಟ. 'ಹೇಳು' ಅಂದ. ಎಲ್ಲರೂ ನನ್ನನ್ನೇ ನೋಡ್ತಿದ್ರು. ಒಂದು ತಪ್ಪು ಅಂದ್ರೆ ಮಿಕ್ಕಿದ್ದಕ್ಕೆಲ್ಲ ಏನು ಗತಿ? ನನ್ನ ಮಾತು ನಂಬಿ ಇವರೆಲ್ಲ ಕೊಂಡಿದಾರೆ, ಮಾರಿದಾರೆ, ಮಕ್ಕಳಿಗೆ ಬರೆದಿಟ್ಟಿದಾರೆ." ಅವರು ಸ್ವೆಟರಿನ ಗುಂಡಿ ಹಾಕಿಕೊಂಡರು. "ಹ್ಯಾಂಕನಿಗೆ ದರ್ಜೆ ಹೇಳ್ದೆ. ಆಮೇಲೆ ಹೇಳ್ತಾನೇ ಬಂದೆ."

ಪಿಟ್ಸ್ ಬೇಡಿ ಹೊರತೆಗೆದಳು. ಹ್ರುಸ್ಕಾ ಬೇಡವೆಂದು ಕೈಸನ್ನೆ ಮಾಡಿದ. ಆಮೇಲೆ ನಿಯಮ ನೆನಪಾಗಿ, ತಾನೇ ಇಸಿದುಕೊಂಡು ಸಡಿಲವಾಗಿ ತೊಡಿಸಿದ.

ಸಿಕ್ಕಿದ ಮಾಲನ್ನು ಗುರುತಿಸಲು ಹನ್ನೊಂದು ಗಂಟೆಗೆ ಶ್ರೋಯರ್ ದಂಪತಿಯನ್ನು ಠಾಣೆಗೆ ಕರೆಸಿದರು. ಕಳೆದುಕೊಂಡವರನ್ನೂ ಆರೋಪಿಯನ್ನೂ ಎದುರುಬದುರು ಕೂರಿಸಬಾರದು. ಆದರೆ ಹೀಟರ್ ಕೆಲಸ ಮಾಡುತ್ತಿದ್ದ ಕೋಣೆ ಅಲ್ಲಿ ಒಂದೇ ಇತ್ತು.

ಎಲ್ಡನ್ ತೊಂಬತ್ತಮೂರರ ನಾಣ್ಯವನ್ನು ಅಂಚು ಹಿಡಿದು ಎತ್ತಿ, ಮುಖ ಪಕ್ಕಕ್ಕೆ ತಿರುಗಿಸಿ ನೋಡಿದರು. "ನನ್ನದೇ," ಎಂದರು. ಆಮೇಲೆ ಮರ್ಲ್ ಕೂತಿದ್ದ ಬೆಂಚಿನ ಕಡೆ ತಿರುಗಿದರು. "ಯಾಕೋ ಮರ್ಲ್? ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?"

ಮರ್ಲ್ ಸ್ವೆಟರಿನ ಗುಂಡಿ ತಿರುವುತ್ತ ಕೂತರು.

"ಬಾಯಲ್ಲೇನು ಕಡುಬಿಟ್ಕೊಂಡಿದೀಯಾ?" ಎಂದರು ವಿಲ್ಮಾ. "ಐವತ್ತು ವರ್ಷ ನಮ್ಮನೇಲಿ ಊಟ ಮಾಡಿದೋನು ನೀನು."

ಎಲ್ಡನ್ ಕೈಯೆತ್ತಿ ಹೆಂಡತಿಯನ್ನು ಸುಮ್ಮನಾಗಿಸಿದರು. ಜೇಬಿನಿಂದ ಕರವಸ್ತ್ರ ತೆಗೆದು ಹ್ರುಸ್ಕಾನ ಮೇಜಿನ ಮೇಲೆ ಹರಡಿ, ನಾಣ್ಯವನ್ನು ಅದರ ನಡುವೆ ಇಟ್ಟು, ಬೆಂಚಿನ ಕಡೆಗೆ ತಳ್ಳಿದರು.

"ಹೇಳು."

ಮರ್ಲ್ ಬಹಳ ಹೊತ್ತು ಅದನ್ನೇ ನೋಡಿದರು. "ಇದಕ್ಕೆ ದರ್ಜೆ ಇಲ್ಲ ಎಲ್ಡನ್," ಎಂದರು ಕೊನೆಗೆ, ಸಭೆಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ. "ಎಸ್ ಅಕ್ಷರ ಅಂಟಿಸಿದ್ದು. ಡೇಟನ್ನಲ್ಲಿ ನನಗೆ ತಿಳೀಲಿಲ್ಲ. ತಿಳಿದ್ಮೇಲೆ ಹೇಳ್ಲಿಲ್ಲ."

ಎಲ್ಡನ್ ಕರವಸ್ತ್ರದ ಒಂದು ಮೂಲೆಯನ್ನು ನಾಣ್ಯದ ಮೇಲೆ ಮಡಚಿದರು.

"ಮಿಕ್ಕಿದ್ದು?" ಎಂದರು ಎಲ್ಡನ್. "ಆಲ್ಬಮ್ಮಲ್ಲಿ ಇರೋದು?"

"ಸರಿಯಾಗಿವೆ ಅಂತಾನೇ ಅನ್ಕೊಂಡಿದ್ದೆ." ಮರ್ಲ್ ತಲೆ ತಗ್ಗಿಸಿದರು. "ಈಗ ಗೊತ್ತಿಲ್ಲಪ್ಪ. ನನ್ನ ಕೇಳ್ಬೇಡ."

ಪಿಟ್ಸ್ ಅವರನ್ನು ಬೆರಳಚ್ಚಿಗೆ ಕರೆದುಕೊಂಡು ಹೋದಳು. ಹ್ರುಸ್ಕಾ ವರದಿ ಬರೆಯಲು ಕೂತ. ಅಪರಾಧದ ಕಾರಣ ಎಂಬಲ್ಲಿ ಅವನು ಸಾಮಾನ್ಯವಾಗಿ ಹಣ ಎಂದೋ ಅಮಲು ಎಂದೋ ಬರೆದು ಮುಂದಕ್ಕೆ ಹೋಗುತ್ತಿದ್ದ. ಈ ಸಲ ಪೆನ್ನು ನಿಂತಿತು. ಊರವರ ನಂಬಿಕೆ ಕಳೆದುಕೊಳ್ಳುವ ಭಯ ಎಂದು ಬರೆದ. ಓದಿ ನೋಡಿದ. ಸುಳ್ಳೇನೂ ಅನಿಸಲಿಲ್ಲ, ಹಾಗೇ ಬಿಟ್ಟ.

"ಏಳು, ಮನೆಗೆ ಹೋಗೋಣ," ಎಂದರು ವಿಲ್ಮಾ. "ಮಿಕ್ಕಿದ್ದನ್ನಾದ್ರೂ ಕಳಿಸಿದ್ರಾಯ್ತು. ಅದನ್ನೇ ಓದುವಿಯಂತೆ."

ಎಲ್ಡನ್ ಏಳಲಿಲ್ಲ. "ದರ್ಜೆ ಹಾಕೋರು ಬರೆದದ್ದನ್ನ ಓದ್ತೀನಿ. ಆದ್ರೆ ಇಷ್ಟು ವರ್ಷ ನನಗೆ ಕಾಣದೇ ಇದ್ದದ್ದನ್ನೆಲ್ಲ ಮರ್ಲ್ ನೋಡಿ ಹೇಳ್ತಿದ್ದ. ಇನ್ಮೇಲೆ ಯಾರು ಹೇಳ್ತಾರೆ ಸಾರ್ಜೆಂಟ್?"

ಹ್ರುಸ್ಕಾ ಮಾಲಿನ ರಶೀದಿಯನ್ನು ಅವರ ಮುಂದಿಟ್ಟ, ಪೆನ್ನನ್ನು ಕೈಗೆ ಕೊಟ್ಟ, ಆಮೇಲೆ ಆ ಕೈಯನ್ನು ಮೆಲ್ಲಗೆ ಹಿಡಿದು ಸಹಿ ಮಾಡುವ ಗೆರೆಯ ಮೇಲೆ ತಂದಿಟ್ಟ.