ಕಾರ್ಡು ಮೊದಲು, ಮದುವೆ ಆಮೇಲೆ

ಮೊದಲ ದಿನವೇ ಎಲ್ಬಿಯೊ ನನಗೆ ಅವಮಾನ ಮಾಡಿದ ಎಂದುಕೊಂಡಿದ್ದೆ.

ಮೊಂಟೆವಿಡಿಯೊದ ಭಾನುವಾರದ ಬೀದಿಸಂತೆ. ಇಲ್ಲಿ ಜುಲೈ ಅಂದರೆ ಕಡು ಚಳಿಗಾಲ. ನಾನು ಮನೆಗೆಲಸಕ್ಕಿದ್ದ ಮನೆಯ ಮುದುಕಿ ತೀರಿಕೊಂಡಿದ್ದರಿಂದ, ಅವನ ಆಲೂಗಡ್ಡೆ ಅಂಗಡಿಯಲ್ಲಿ ಕೊಳೆತದ್ದನ್ನು ಆರಿಸುವ ಕೆಲಸಕ್ಕೆ ಸೇರಿದ್ದೆ. ಅವನು ಕಂಕುಳಲ್ಲಿ ಫ್ಲಾಸ್ಕ್ ಸಿಕ್ಕಿಸಿಕೊಂಡೇ ಗಿರಾಕಿಗಳಿಗೆ ತೂಗುತ್ತಿದ್ದ. ನಡುವೆ ಸೋರೆಬುರುಡೆಗೆ ಬಿಸಿನೀರು ಹೊಯ್ದು, ಲೋಹದ ಕೊಳವೆ ನನ್ನ ಕಡೆ ತಿರುಗಿಸಿ ಕೊಟ್ಟ. ಮಾಟೆ ಎಂಬ ಆ ಸೊಪ್ಪಿನ ಕಷಾಯ ಕಹಿ. ಆದರೂ ಎದೆಯ ತನಕ ಬೆಚ್ಚಗಾಯಿತು. ನಾನು ಮರ್ಯಾದಸ್ಥರ ಮನೆಯವಳು, "ಥ್ಯಾಂಕ್ಸ್" ಅಂದೆ.

ಆಮೇಲೆ ಬುರುಡೆ ಅವನಿಂದ ಅವನ ತಂಗಿ ಮಾಬೆಲ್‌ಗೆ, ಅವಳಿಂದ ಪಕ್ಕದ ಮೀನಿನವನಿಗೆ, ಮತ್ತೆ ಎಲ್ಬಿಯೊಗೆ ಸುತ್ತಿತು. ನನ್ನ ಹತ್ತಿರ ಮಾತ್ರ ಬರಲಿಲ್ಲ.

ನನ್ನಂಥ ಡೊಮಿನಿಕನ್ ದೇಶದ ಕಪ್ಪು ಹೆಂಗಸಿನ ಎಂಜಲು ಇವನಿಗೆ ಹೇಸಿಗೆ ಎಂದು ಲೆಕ್ಕ ಹಾಕಿದೆ. ಮುಂದಿನ ಭಾನುವಾರ ನನ್ನದೇ ಕಾಫಿ ಕಟ್ಟಿಕೊಂಡು ಹೋಗಿ, ಅವನಿಗೆ ಬೆನ್ನು ಹಾಕಿ ಕುಳಿತೆ.

"ಏನಮ್ಮಾ ಕಾಂದೆಲಾರಿಯಾ, ಆಲೂಗಡ್ಡೆ ಮೇಲೆ ಕೋಪಾನಾ, ನನ್ನ ಮೇಲಾ?"

"ನನ್ನ ಎಂಜಲು ನಿಮಗಾಗಲ್ಲ ಅಂದ್ಮೇಲೆ ಕೋಪ ಯಾರ ಮೇಲಾದ್ರೆ ಏನು?"

ಅವನು ನಗುತ್ತ ಮೂಟೆಯ ಮೇಲೆ ಕುಳಿತುಬಿಟ್ಟ. "ನೀವೇ ಥ್ಯಾಂಕ್ಸ್ ಅಂದ್ರಲ್ಲ! ಇಲ್ಲಿ ಹಾಗಂದ್ರೆ ಇನ್ನು ಸಾಕು ಅಂತ. ಬೇಕಿದ್ರೆ ಸುಮ್ನೆ ಬುರುಡೆ ವಾಪಸ್ ಕೊಡ್ಬೇಕು. ತಾನಾಗೇ ತುಂಬಿ ಬರುತ್ತೆ."

"ಬಾಯಿ ಮುಚ್ಕೊಂಡಿರೋರಿಗೆ ಮಾತ್ರ ಅನ್ನಿ."

"ಹೌದು. ನಿಮಗೆ ಸ್ವಲ್ಪ ಕಷ್ಟ."

ಅವನ ಉಣ್ಣೆಯ ಕೈಗವಸಿಗೆ ಬೆರಳುಗಳಿರಲಿಲ್ಲ. ಮಣ್ಣು ಹಿಡಿದ ಅವನ ಬೆರಳುಗಳು ಕೊಳವೆಯನ್ನು ಮತ್ತೆ ನನ್ನ ಕಡೆ ತಿರುಗಿಸಿದವು. ಕಣ್ಣು ಮಾತ್ರ ತಕ್ಕಡಿಯ ಮೇಲಿತ್ತು. ಖಾಲಿ ತಕ್ಕಡಿಯಲ್ಲಿ ನೋಡಲು ಏನಿತ್ತೋ.

ಹೀಗೇ ಶುರುವಾಯಿತು. ಅವನು ಹೆಂಡತಿ ತೀರಿಕೊಂಡವನು, ನಾನು ಗಂಡ ಬಿಟ್ಟುಹೋದವಳು, ಇಬ್ಬರಿಗೂ ತಲೆ ಬೆಳ್ಳಗಾಗಿತ್ತು. ಸಂತೆ ಮುಗಿದ ಮೇಲೆ ಅವನು ಆಲೂಗಡ್ಡೆಯ ಜೊತೆ ಮಾರುತ್ತಿದ್ದ ಗೆಣಸಿನ ಮೂಟೆಯಿಂದ ಒಂದನ್ನು ತೆಗೆದು ನನ್ನ ಚೀಲಕ್ಕೆ ಹಾಕುತ್ತಿದ್ದ. ಇದ್ದುದರಲ್ಲಿ ದೊಡ್ಡದು. "ಇದು ಕೊಳೆತಿದೆ, ತಗೊಂಡ್ಹೋಗಿ" ಅನ್ನುತ್ತಿದ್ದ. ಆರಿಸುವವಳು ನಾನು. ನನಗೇ ಸುಳ್ಳು.

ಆ ಹೊತ್ತಿಗೆ ಈ ದೇಶದಲ್ಲೇ ಇರಲು ನಾನು ಅರ್ಜಿ ಹಾಕಿಯಾಗಿತ್ತು. ಕೈಲಿದ್ದದ್ದು ತಾತ್ಕಾಲಿಕ ಕಾರ್ಡು. ಅದರ ಅವಧಿ ಮುಗಿಯುವುದರೊಳಗೆ ದುಡಿದು ತಿನ್ನುತ್ತೇನೆಂದು ತೋರಿಸಿದರೆ ಕಾಯಂ ಕಾರ್ಡು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಓದಲು ನನಗೆ ಕಷ್ಟ. ಎಲ್ಬಿಯೊ ಫ್ಲಾಸ್ಕ್ ಹಿಡಿದು ವಲಸೆ ಆಫೀಸಿಗೆ ಜೊತೆಗೆ ಬಂದ.

ಕೌಂಟರಿನ ಹುಡುಗಿ ನಮ್ಮಿಬ್ಬರನ್ನೂ ನೋಡಿದಳು. "ಮೇಡಂ, ಕೆಲಸ ಕೊಟ್ಟಿದ್ದೋರು ತೀರ್ಕೊಂಡಿದಾರೆ, ಹೊಸ ಆಧಾರ ಬೇಕು. ಇವರು ಇಲ್ಲಿನವರಲ್ವಾ? ಮದುವೆ ಆಗ್ಬಿಡಿ. ಬೇಗ ಮುಗಿಯುತ್ತೆ."

ಎಲ್ಬಿಯೊನ ಕಿವಿ ಕೆಂಪಾಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತ, "ಆ ಹುಡುಗಿ ಹೇಳಿದ್ರಲ್ಲಿ ತಪ್ಪೇನಿಲ್ಲ" ಅಂದ.

"ಕಿಟಕಿಗೆ ಹೇಳ್ತಿದೀರಾ, ನನಗಾ?"

"ನಿಮಗೇ."

ಉತ್ತರ ಕೊಡುವ ಮೊದಲೇ ನಾವು ಇಳಿಯುವ ಸ್ಟಾಪು ಬಂತು. ಕೊಟ್ಟಿದ್ದರೆ ಹೂಂ ಅನ್ನುತ್ತಿದ್ದೆನೇನೋ.

ಮರು ಭಾನುವಾರ ಮೂಟೆಗಳ ಹಿಂದೆ ಬಗ್ಗಿ ಆರಿಸುತ್ತಿದ್ದೆ. ಪಕ್ಕದಲ್ಲೇ ಮೊಟ್ಟೆ ಮಾರುವ ಮಾಬೆಲ್ ಮೀನಿನವನಿಗೆ ಹೇಳುವುದು ಕೇಳಿಸಿತು. "ಪ್ರೀತಿಯಂತೆ, ಪ್ರೀತಿ. ಕಾರ್ಡು ಬೇಕು, ಅದಕ್ಕೆ ನಮ್ಮಣ್ಣನ ಕೊರಳಿಗೆ ಬಿದ್ದಿದಾಳೆ. ಕೈಗೆ ಸಿಕ್ಕಿದ ಮಾರನೇ ದಿನ ಹುಡುಕಿದ್ರೂ ಸಿಗಲ್ಲ."

ನಾನು ಎದ್ದು ನಿಂತೆ. ಮಂಡಿಯ ಮಣ್ಣು ಕೊಡವಿಕೊಂಡೆ. ಅವಸರವಿರಲಿಲ್ಲ.

"ಮಾಬೆಲ್, ಕಾರ್ಡು ಮೊದಲು ಬರುತ್ತೆ, ನನ್ನ ಹೆಸರಲ್ಲಿ, ನನ್ನ ದುಡಿಮೆ ಮೇಲೆ. ನಿಮ್ಮಣ್ಣ ಬೇಕೋ ಬೇಡ್ವೋ ಅಂತ ಆಮೇಲೆ ನೋಡ್ತೀನಿ."

"ಈ ವಿಷಯದಲ್ಲಿ ನನ್ನ ಕೇಳೋದೇನೂ ಇಲ್ವಾ?" ಅಂದ ಎಲ್ಬಿಯೊ.

"ನೀವು ಆಲೂಗಡ್ಡೆ ತೂಗಿ."

ನಾನು ತನ್ನ ಅಂಗಡಿಯ ಕೆಲಸದವಳು ಎಂದು ಬರೆದುಕೊಡುತ್ತೇನೆ ಅಂದ ಎಲ್ಬಿಯೊ. ಬೇಡ ಅಂದೆ. ಅವನ ಸಹಿಯಿಂದ ಬಂದದ್ದೂ ಅವನ ಉಡುಗೊರೆಯೇ ಆಗುತ್ತಿತ್ತು. ಕೆಲಸ ಬಿಟ್ಟೆ. ನನ್ನ ಹೆಸರಿನಲ್ಲೇ ತೆರಿಗೆ ಕಟ್ಟಿ, ಸಂತೆಯ ಆ ತುದಿಯಲ್ಲಿ ಒಂದು ಒಲೆ, ಒಂದು ಬಾಣಲೆ ಇಟ್ಟೆ. ನಮ್ಮೂರ ಕಡಲ ದಂಡೆಯಲ್ಲಿ ಮಾರುವ ಯಾನಿಕೇಕೆ ಮಾಡತೊಡಗಿದೆ. ತಟ್ಟೆಯಗಲ ತಟ್ಟಿ ಕರಿದ ಗರಿಗರಿ ರೊಟ್ಟಿ ಅದು. ಮೊದಲು ಯಾರೂ ತಿರುಗಿ ನೋಡಲಿಲ್ಲ. ಚಳಿಯಲ್ಲಿ ಎಣ್ಣೆಯ ವಾಸನೆ ಹಬ್ಬಿದ ಮೇಲೆ ಬಂದರು.

ಎಲ್ಬಿಯೊ ಕೂಡ ಬಂದ. ನೇರವಾಗಿ ಬಾಣಲೆಯ ಹತ್ತಿರಕ್ಕೆ.

"ಸಾಲಲ್ಲಿ ನಿಲ್ಲಿ ಯಜಮಾನ್ರೇ."

"ನನಗೂ ಸಾಲಾ ಮಾರಾಯ್ತಿ?"

"ನಿಮಗೇನು ಕೊಂಬಿದೆಯಾ?"

ಹೋಗಿ ಹಿಂದೆ ನಿಂತ. ಪ್ರತಿ ಭಾನುವಾರವೂ ನಿಂತ. ರೊಟ್ಟಿ ಕೊಟ್ಟಾಗ ಬೆರಳಿಗೆ ಬೆರಳು ತಾಗುತ್ತಿತ್ತು. ಬಿಸಿ ಯಾವುದರದೋ ಹೇಳುವುದು ಕಷ್ಟ. ಅವನು ಬುರುಡೆ ನೀಡುತ್ತಿದ್ದ. ನಾನು ಕುಡಿದು, ಅವನ ಕಣ್ಣಲ್ಲಿ ಕಣ್ಣಿಟ್ಟು, "ಥ್ಯಾಂಕ್ಸ್" ಅನ್ನುತ್ತಿದ್ದೆ. ಒಂದೇ ಸಲ, ಅಷ್ಟೇ. ಈಗ ಇಬ್ಬರಿಗೂ ಅದರ ಅರ್ಥ ಗೊತ್ತಿತ್ತು. ಅವನು ತಲೆಯಾಡಿಸಿ ಫ್ಲಾಸ್ಕ್ ಎತ್ತಿಕೊಂಡು ಹೋಗುತ್ತಿದ್ದ.

ಆಫೀಸಿನಿಂದ ಮತ್ತೆ ಕರೆ ಬಂದಾಗ ಒಬ್ಬಳೇ ಹೋದೆ. ಅದೇ ಹುಡುಗಿ ತೆರಿಗೆಯ ರಸೀದಿಗಳನ್ನು ನೋಡಿ, "ಸುಲಭದ ದಾರಿ ಇತ್ತಲ್ಲ ಮೇಡಂ" ಅಂದಳು.

"ಅದಕ್ಕೇ ಬೇಡ ಅಂದಿದ್ದು. ಅವನನ್ನ ನಾನು ಇಷ್ಟಪಟ್ಟಿದ್ದು ಸುಲಭ ಆಗ್ಲಿ ಅಂತಲ್ಲ ಮಗಳೇ."

ಹುಡುಗಿ ತಲೆ ಎತ್ತಲಿಲ್ಲ. ಆದರೆ ಮುದ್ರೆ ಒತ್ತುವಾಗ ತುಟಿಯಲ್ಲಿ ನಗುವಿತ್ತು.

ಕಾರ್ಡು ಬಂದ ಭಾನುವಾರ ನಾನು ಒಲೆ ಹಚ್ಚಲಿಲ್ಲ. ನೆಟ್ಟಗೆ ಎಲ್ಬಿಯೊನ ಅಂಗಡಿಗೆ ಹೋಗಿ ಕಾರ್ಡನ್ನು ತಕ್ಕಡಿಯ ಮೇಲಿಟ್ಟೆ.

"ತೂಗಿ."

ಅವನು ಬಗ್ಗಿ ನೋಡಿದ. "ಫೋಟೋ ಚೆನ್ನಾಗಿ ಬಂದಿಲ್ಲ."

"ಫೋಟೋ ಹಾಳಾಗ್ಲಿ. ಮಾಬೆಲ್, ಬಂದು ನೋಡಿ. ನಿಮ್ಮಣ್ಣನಿಂದ ಇನ್ನು ನನಗೆ ಏನೂ ಆಗಬೇಕಾಗಿಲ್ಲ."

ಮಾಬೆಲ್ ಮೊಟ್ಟೆ ಹಿಡಿದ ಕೈ ಹಾಗೇ ನಿಲ್ಲಿಸಿದಳು. ಎಲ್ಬಿಯೊನ ಮುಖ ಇಳಿದುಹೋಯಿತು. ಏನು ಮಾಡಬೇಕೆಂದು ತೋಚದೆ, ಬುರುಡೆಗೆ ನೀರು ಹೊಯ್ದು ನನ್ನ ಕೈಗೆ ಕೊಟ್ಟ. ಕೊಳವೆ ನನ್ನ ಕಡೆಗೇ ಇತ್ತು.

ತಳದಲ್ಲಿ ಗೊರಗೊರ ಅನ್ನುವ ತನಕ ಕುಡಿದೆ. ಅವನು ನನ್ನ "ಥ್ಯಾಂಕ್ಸ್"ಗೆ ಕಾಯುತ್ತ ನೆಲ ನೋಡುತ್ತಿದ್ದ.

ಬುರುಡೆಯನ್ನು ಅವನ ಕೈಗಿಟ್ಟೆ. ಬಾಯಿ ಬಿಡಲಿಲ್ಲ.

ಅವನು ಇನ್ನೂ ಕಾದ. ನಾನು ಸುಮ್ಮನೆ ನಿಂತೇ ಇದ್ದೆ. ಆಗ ತಲೆ ಎತ್ತಿದ.

"ಇನ್ನೂ... ಬೇಕಾ?"

"ಸುಮ್ನಿದ್ರೆ ತಾನಾಗೇ ತುಂಬಿ ಬರುತ್ತೆ ಅಂದಿದ್ದು ನೀವೇ ಅಲ್ವಾ? ನಿಮ್ಮಿಂದ ಆಗಬೇಕಾದದ್ದು ಏನೂ ಇಲ್ದೇ ಇರೋವಾಗ ಬಂದಿದೀನಿ. ಮದುವೆ ಆಗೋಣ. ತುಂಬಿ ಬೇಗ."

ನನ್ನನ್ನೇ ನೋಡುತ್ತ ಹೊಯ್ದ ಬಿಸಿನೀರು ಅವನ ಬೆರಳ ಮೇಲೆ ಚೆಲ್ಲಿತು. ಅವನಿಗೆ ಗೊತ್ತೂ ಆಗಲಿಲ್ಲ. ಮಾಬೆಲ್ ಬಂದು ಫ್ಲಾಸ್ಕ್ ಕಿತ್ತುಕೊಂಡಳು. "ಕೊಡಣ್ಣ ಇಲ್ಲಿ, ಸುಟ್ಕೊಂಡು ಸಾಯ್ತೀಯ" ಎಂದು ಬೈದು, ಬುರುಡೆ ತುಂಬಿ, ನನ್ನ ಮುಖ ನೋಡದೆ ನನ್ನ ಕೈಗೇ ಕೊಟ್ಟಳು.

ಈಗ ನಮ್ಮಿಬ್ಬರಿಗೂ ತೀರಾ ವಯಸ್ಸಾಗಿದೆ. ಸಂತೆಗೆ ಹೋಗುವುದಿಲ್ಲ. ಬೆಳಗ್ಗೆ ಅವನು ನೀರು ಕಾಯಿಸುತ್ತಾನೆ, ನಾನು ಕುಡಿದು ಬುರುಡೆಯನ್ನು ವಾಪಸ್ ಕೊಡುತ್ತೇನೆ. ಆ ಭಾನುವಾರದಿಂದ ಈ ತನಕ ಆ ಒಂದು ಮಾತನ್ನು ಅವನಿಗೆ ಹೇಳಿಲ್ಲ.