ಕೆಂಪು ಗ್ಲೌಸು, ಕ್ರೇನಿನವಳು

ನಮ್ಮ ಪ್ರೀತಿ ಶುರುವಾದದ್ದು ಒಂದು ಕಣಜದ ಹುಳದಿಂದ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಗುವುದಕ್ಕೆ ನಾನು ಬಿಡುವುದಿಲ್ಲ.

ಆಗ ನಾನು ಹಡಗುಕಟ್ಟೆಯಲ್ಲಿ ಸಿಗ್ನಲ್‌ಮನ್. ಹಡಗಿಗೆ ಒಂದು ಹೊಟ್ಟೆ ಇರುತ್ತದೆ, ಸರಕು ತುಂಬುವ ಜಾಗ, ಬಾವಿಯ ಹಾಗೆ ಆಳ. ಕ್ರೇನಿನಲ್ಲಿ ಕೂತವರಿಗೆ ಅದರ ತಳ ಕಾಣುವುದಿಲ್ಲ. ತಳದಲ್ಲಿ ದುಡಿಯುವವರಿಗೆ ಕ್ರೇನಿನಲ್ಲಿ ಕೂತವರು ಕಾಣುವುದಿಲ್ಲ. ಅಂಚಿನಲ್ಲಿ ನಿಂತು ಇಬ್ಬರನ್ನೂ ನೋಡುತ್ತಾ ಕೈಸನ್ನೆ ಮಾಡುವವನು ನಾನು. ತೋರುಬೆರಳು ಮೇಲೆತ್ತಿ ಗಿರಗಿರ ತಿರುಗಿಸಿದರೆ ಎತ್ತು. ಕೆಳಗೆ ಮಾಡಿ ತಿರುಗಿಸಿದರೆ ಇಳಿಸು. ಎರಡೂ ತೋಳು ಅಗಲಿಸಿ ನಿಂತರೆ ನಿಲ್ಲಿಸು. ಹೊಟ್ಟೆಯ ಮುಂದೆ ಎರಡೂ ಕೈ ಹೆಣೆದುಕೊಂಡರೆ, ಎಲ್ಲ ಭದ್ರ, ಇದ್ದದ್ದು ಇದ್ದಲ್ಲೇ ಇರಲಿ ಎಂದು.

ಅವತ್ತು ಹುಳ ಕಿವಿಯ ಹತ್ತಿರ ಗುಂಯ್ ಎಂದಿತು. ಬೆರಳೆತ್ತಿ ಗಿರಗಿರ ಆಡಿಸಿ ಓಡಿಸಿದೆ. ಕ್ರೇನ್ ಎತ್ತಿಯೇಬಿಟ್ಟಿತು! ಕೊಕ್ಕೆಯ ಹಗ್ಗಕ್ಕೆ ಸಿಕ್ಕಿಕೊಂಡದ್ದು ಮೈಕ್ ಸಾಹೇಬರ ಕುರ್ಚಿ. ಅವರು ನಮ್ಮ ಸೂಪರ್‌ವೈಸರ್. ಪಕ್ಕದಲ್ಲಿ ನಿಂತವನ ಜೊತೆಗೂ ಕೈಮೈಕಿನಲ್ಲೇ ಮಾತಾಡುತ್ತಿದ್ದರಿಂದ ಆ ಹೆಸರು. ಸದ್ಯ, ಸಾಹೇಬರು ಎದ್ದು ನಿಂತಿದ್ದರು. ಕುರ್ಚಿ ಆಕಾಶದ ಕಡೆ ಹೊರಟಿತು. ಅವರು ತೋಳು ಅಗಲಿಸಿ ಕುಣಿದರು, ಕೂಗಿದರು. ಕ್ರೇನ್ ಕೇಳಲಿಲ್ಲ. ನಾನು ಹುಳದಿಂದ ಬಿಡಿಸಿಕೊಂಡು ತೋಳು ಅಗಲಿಸಿದ ಮೇಲೇ ನಿಂತಿತು.

ಏಣಿಯಿಂದ ಇಳಿದು ಬಂದವಳು ಅವಳು. ಆ ಕಟ್ಟೆಯಲ್ಲಿ ಕ್ರೇನ್ ಹತ್ತಿದ ಮೊದಲ ಹೆಣ್ಣು, ಇನ್ನೂ ಹೊಸಬಳು. ಕೆನ್ನೆಯ ಮೇಲೆ ಗ್ರೀಸಿನ ಗೆರೆ, ಹಣೆಯ ಮೇಲೆ ಹೆಲ್ಮೆಟ್ಟಿನ ಗೆರೆ, ನಡುವೆ ಒಂದು ಜೊತೆ ಕಣ್ಣು. ಆ ಕಣ್ಣುಗಳು ನನ್ನ ಮುಖವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ನೇರ ಕೈಗಳ ಮೇಲೆ ಬಂದು ಕೂತವು.

"ಕುರ್ಚಿ ಎತ್ತು ಅಂದ್ರಲ್ಲ, ಎಲ್ಲಿ ಇಳಿಸ್ಲಿ ಹೇಳಿ."

"ಅದು... ಹುಳ ಬಂತು."

"ನಾನು ಸ್ಟಾಪ್ ಕೊಟ್ಟೆನಲ್ಲಮ್ಮಾ!" ಸಾಹೇಬರು ಮೈಕಿನಲ್ಲಿ ಅಬ್ಬರಿಸಿದರು.

"ನೀವು ನನ್ನ ಸಿಗ್ನಲ್‌ಮನ್ ಅಲ್ಲ ಸಾರ್. ನಾನು ನೋಡೋದು ಒಂದೇ ಜೊತೆ ಕೈ." ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮ ಕೈ ಹೇಳಿದ್ದನ್ನ ನಾನು ಕಣ್ಣು ಮುಚ್ಚಿ ನಂಬಬೇಕು. ಕೆಳಗೆ ಜನ ಇರ್ತಾರೆ. ಹುಳ ಕಚ್ಚಿದ್ರೆ ಕಚ್ಚಿಸ್ಕೊಳ್ಳಿ. ಕೈ ಮಾತ್ರ ಸುಳ್ಳು ಹೇಳಬಾರದು."

ಹೇಳಿ ಹೊರಟೇಬಿಟ್ಟಳು. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಅವುಗಳ ಬಗ್ಗೆ ಅಷ್ಟು ದೊಡ್ಡ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ.

ಮೈಕ್ ಸಾಹೇಬರು ಸುಮ್ಮನಿರುವ ಕುಳವಲ್ಲ. ಮರುದಿನವೇ ಪ್ರತಿ ಕ್ರೇನಿನ ಕಾಲಿನ ಮೇಲೂ ಹಳದಿ ಬಣ್ಣದಲ್ಲಿ ಬರೆಸಿದರು: 'ನಿಲ್ಲಿಸು ಎಂಬ ಸನ್ನೆಯನ್ನು ಯಾರೇ ಕೊಟ್ಟರೂ ನಿಲ್ಲಿಸತಕ್ಕದ್ದು.' ಬರೆಸಿದ್ದು ಒಂದು ಕುರ್ಚಿಯ ಸಿಟ್ಟಿಗೆ. ಅದು ಎಲ್ಲಿಗೆ ಹೋಗಿ ಮುಟ್ಟಿತು, ನೋಡುತ್ತಾ ಇರಿ.

ಈಗಿನವರು ಫೋನಿನಲ್ಲಿ ಹೃದಯದ ಚಿತ್ರ ಒತ್ತಿ ಕಳಿಸುತ್ತಾರೆ. ನಮಗೆ ಇದ್ದದ್ದು ಒಂದು ಕೊಕ್ಕೆ. ಬೆಳಿಗ್ಗೆ ನಾನು ಅಂಚಿಗೆ ಬಂದು ನಿಂತ ತಕ್ಷಣ, ಮೇಲಿನಿಂದ ಆ ಕಬ್ಬಿಣದ ಕೊಕ್ಕೆ ಒಂದು ಸಲ ಕೆಳಗಿಳಿದು ಮತ್ತೆ ಮೇಲೇರುತ್ತಿತ್ತು. ತಲೆಯಾಡಿಸಿದ ಹಾಗೆ. ನಾನೂ ತಲೆಯಾಡಿಸುತ್ತಿದ್ದೆ. ಮುಖ ಕಾಣುವಷ್ಟು ಹತ್ತಿರವಲ್ಲ. ಗಾಜಿನ ಹಿಂದೆ ಒಂದು ಹೆಲ್ಮೆಟ್ಟು, ಅದು ಸ್ವಲ್ಪ ವಾಲಿದರೆ ನಗುತ್ತಿದ್ದಾಳೆ ಎಂದು ನಾನೇ ಅಂದುಕೊಳ್ಳುತ್ತಿದ್ದೆ.

"ಸಿಗ್ನಲ್ ಕೊಡ್ತಿದ್ದೀಯೋ, ಡ್ಯಾನ್ಸ್ ಮಾಡ್ತಿದ್ದೀಯೋ?" ಹಡಗಿನ ಹೊಟ್ಟೆಯಿಂದ ಮಾವ ಕೂಗುತ್ತಿದ್ದರು. ಅವರು ನನ್ನ ಸೋದರಮಾವ. ನಮ್ಮ ಗ್ಯಾಂಗಿನ ಮೇಸ್ತ್ರಿ, ನಮ್ಮ ಯೂನಿಯನ್ನಿನ ಮುಂದಾಳು. "ಬೆರಳು ಒಂದು ಸುತ್ತು ತಿರುಗಿದ್ರೆ ಸಾಕು ಮಾರಾಯ, ರಂಗೋಲಿ ಬಿಡಬೇಡ!"

ಒಂದು ದಿನ ಸಿಮೆಂಟಿನ ಹಡಗು ಬಂತು. ಧೂಳೋ ಧೂಳು. ಊಟದ ಹೊತ್ತಿಗೆ ಕೊಕ್ಕೆ ಖಾಲಿ ಇಳಿಯಿತು, ಬಂದು ನನ್ನ ಎದೆಯ ಮುಂದೆ ನಿಂತಿತು. ತುದಿಗೆ ಒಂದು ಜೊತೆ ಗ್ಲೌಸು ಕಟ್ಟಿತ್ತು. ಕೆಂಪಗೆ, ಕಣ್ಣಿಗೆ ಹೊಡೆಯುವ ಕೆಂಪು.

ಸಂಜೆ ಚಹದ ಕ್ಯಾಂಟೀನಿನಲ್ಲಿ ಕೇಳಿದೆ. "ಇದೇನು?"

"ನಿನ್ನ ಕೈ ಧೂಳಲ್ಲಿ ಕಾಣಿಸ್ಲಿಲ್ಲ." ನೀವು ಹೋಗಿ ನೀನು ಬಂದಿತ್ತು, ಅದನ್ನು ಅವಳು ಗಮನಿಸಿದಂತೆ ಇರಲಿಲ್ಲ. ನಾನು ಗಮನಿಸಿ ಚಹ ಚೆಲ್ಲಿಕೊಂಡೆ.

"ಕಾಣಿಸ್ಲಿಲ್ಲ ಅಂದ್ರೆ?"

"ಹೆದರಿಕೆ ಆಯ್ತು." ಲೋಟದ ಅಂಚಿನ ಮೇಲಿನಿಂದ ಒಂದು ಕ್ಷಣ ನೋಡಿದಳು. ಈ ಸಲ ಮುಖವನ್ನೇ. "ಮೇಲಿಂದ ನೀನು ಬೆಂಕಿಕಡ್ಡಿ ಥರ ಕಾಣ್ತೀಯ. ಈಗ ಹಚ್ಚಿದ ಬೆಂಕಿಕಡ್ಡಿ."

ಅಷ್ಟು ಸಾಕಾಗಿತ್ತು ನನಗೆ. ಹೇಳಬೇಕಾದದ್ದನ್ನು ಅವತ್ತೇ ಹೇಳಬಹುದಿತ್ತು. ಆದರೆ ಕೈಯಲ್ಲಿ ಅಷ್ಟು ಮಾತಾಡುವ ನಾನು, ಬಾಯಿಯ ವಿಷಯದಲ್ಲಿ ಆಗ ಮಹಾ ಪುಕ್ಕಲ. ಈಗ ನಂಬುವುದು ಕಷ್ಟ, ಇರಲಿ.

ಹೀಗಿರುವಾಗ ಕಂಪನಿ ಹೊಸ ಆದೇಶ ತಂದಿತು. ಇನ್ನು ಮೇಲೆ ಎರಡು ಕ್ರೇನಿಗೆ ಒಬ್ಬನೇ ಸಿಗ್ನಲ್‌ಮನ್. ಅವನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡುತ್ತಿರಬೇಕು. ಅವನು ಅಲ್ಲಿ ಇದ್ದಾಗ ಇಲ್ಲಿ ತಳದಲ್ಲಿ ಇರುವವರ ತಲೆಗೆ ಯಾರು ದಿಕ್ಕು? ನಮ್ಮ ಯೂನಿಯನ್ ಮುಷ್ಕರ ಎಂದಿತು.

ಆದರೆ ಕ್ರೇನಿನವರದು ಬೇರೆ ಯೂನಿಯನ್. ಅದರ ಮುಂದಾಳು ಅವಳ ಅಪ್ಪ. ಅವಳ ಪಕ್ಕದ ಕ್ರೇನೇ ಅವರದು, ತಲೆ ನರೆಯುವವರೆಗೂ ಅದರಲ್ಲೇ ಕೂತವರು. ಮೇಲೆ ಕೂತವರಿಗೂ ಕೆಳಗೆ ದುಡಿಯುವವರಿಗೂ ಆ ಕಟ್ಟೆಯಲ್ಲಿ ಹಳೆಯ ಮುನಿಸು. ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಒಟ್ಟಿಗೆ ಚಹ ಕುಡಿಯುತ್ತಿರಲಿಲ್ಲ. ಮಾವ ಹೋಗಿ ನೀವೂ ಜೊತೆಗೆ ಬನ್ನಿ ಎಂದು ಕೇಳಿದರೆ ಅವಳ ಅಪ್ಪ, "ಅದು ನಿಮ್ಮ ತಾಪತ್ರಯ, ನಮ್ಮದಲ್ಲ" ಎಂದು ಬಾಗಿಲು ಹಾಕಿಕೊಂಡರಂತೆ. ಕ್ರೇನುಗಳು ಓಡಿದರೆ ಹೊರಗಿನವರನ್ನು ತಂದು ಕೆಲಸ ಮಾಡಿಸುತ್ತಾರೆ, ಮುಷ್ಕರ ಮುಗಿದ ಹಾಗೆಯೇ.

ಮುಷ್ಕರದ ಹಿಂದಿನ ಸಂಜೆ ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿದೆ.

"ನಾಳೆ ಹತ್ತಬೇಡ."

"ಹತ್ತದೇ ಇದ್ರೆ ನನ್ನನ್ನ ತೆಗೆದುಹಾಕ್ತಾರೆ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ ಅಂತ ಗೊತ್ತಲ್ಲ. ಹೆಣ್ಣಿಗೆ ಕ್ರೇನ್ ಕೊಟ್ರೆ ಹೀಗೇ ಅಂತಾರೆ, ನನ್ನ ಹಿಂದೆ ಇನ್ನೊಬ್ಬಳು ಏಣಿ ಮುಟ್ಟೋ ಹಾಗಿಲ್ಲ."

"ಹತ್ತಿದ್ರೆ?"

"ಹತ್ತಿದ್ರೆ ನೀವೆಲ್ಲ ನನ್ನ ಮುಖ ನೋಡಲ್ಲ." "ನೀನೇ ಹೇಳು. ನನಗೆ ಇನ್ನೇನು ದಾರಿ ಇದೆ?"

ನಾನು ಮುಖ ತಿರುಗಿಸಿ ನಡೆದೆ. ಹೋಗುವಾಗ ಹಿಂದಿನಿಂದ ಕೂಗಿದಳು, "ನಾಳೆ ಆ ಗ್ಲೌಸು ಹಾಕ್ಕೊಂಡು ಬಾ!" ಸಿಟ್ಟಿನಲ್ಲಿ ಕೂಗಿದಳೋ, ಬೇಡಿಕೊಂಡಳೋ ತಿಳಿಯಲಿಲ್ಲ.

ಮರುದಿನ ನಾವೆಲ್ಲ ತಂತಿಬೇಲಿಯ ಹೊರಗೆ. ಇಡೀ ಕಟ್ಟೆಯ ಗ್ಯಾಂಗುಗಳು, ಹೆಂಡತಿಯರು, ಅಕ್ಕತಂಗಿಯರು, ಕೋಲೂರಿಕೊಂಡ ಮುದುಕರು. ಬೇಲಿಯ ಒಳಗೆ ಹಡಗು, ಅದರ ಮೇಲೆ ಕಂಪನಿ ಎಲ್ಲಿಂದಲೋ ಕರೆತಂದ ಹೊಸಬರು. ಮೇಲೆ, ಗಾಜಿನ ಹಿಂದೆ, ಅವಳ ಹೆಲ್ಮೆಟ್ಟು.

"ಮುಷ್ಕರದ ದಿನ ಗ್ಲೌಸು ಯಾಕೋ?" ಮಾವ ಕೇಳಿದರು.

"ಚಳಿ."

ಮಾವ ನನ್ನ ಹಣೆಯಿಂದ ಇಳಿಯುತ್ತಿದ್ದ ಬೆವರು ನೋಡಿದರು, ಕ್ರೇನ್ ನೋಡಿದರು.

ಕೆಲಸ ಶುರುವಾಯಿತು. ಮರದ ದಿಮ್ಮಿಗಳನ್ನು ಹಡಗಿನ ಹೊಟ್ಟೆಗೆ ಇಳಿಸುತ್ತಿದ್ದರು. ಒಬ್ಬನೇ ಸಿಗ್ನಲ್‌ಮನ್, ಬಡಪಾಯಿ, ಅವಳ ಕ್ರೇನಿಗೂ ಅಪ್ಪನ ಕ್ರೇನಿಗೂ ನಡುವೆ ನಾಲಗೆ ಹೊರಗೆ ಹಾಕಿಕೊಂಡು ಓಡುತ್ತಿದ್ದ. ಅವಳಿಗೆ ಇಳಿಸು ಎಂದು ಸನ್ನೆ ಕೊಟ್ಟವನೇ ಅಪ್ಪನ ಕ್ರೇನಿನ ಕಡೆ ಓಡಿದ. ದಿಮ್ಮಿಗಳ ಹೊರೆ ತೆರೆದ ಹೊಟ್ಟೆಯ ಮೇಲೆ ಬಂದು ಇಳಿಯತೊಡಗಿತು. ಹಗ್ಗ ಒಂದು ಪಕ್ಕಕ್ಕೆ ಸರಿಯುವುದು ನನಗೆ ಕಂಡಿತು. ಹೊರೆ ವಾಲಿತು. ಅವಳ ಕಡೆಯಿಂದ ಅದು ಕಾಣುವ ಹಾಗಿರಲಿಲ್ಲ. ಕೆಳಗೆ ಜನ ಇದ್ದರು.

ಅವರು ನಮ್ಮ ಅನ್ನ ಕಿತ್ತುಕೊಳ್ಳಲು ಬಂದವರು, ನಿಜ. ಅದೆಲ್ಲ ನೆನಪಾದದ್ದು ಆಮೇಲೆ. ನನ್ನ ತೋಳುಗಳು ನನ್ನನ್ನು ಕೇಳದೆಯೇ ಅಗಲಿಸಿಕೊಂಡವು. ಎರಡು ಕೆಂಪು ಕೈ, ಬೇಲಿಯ ಈಚೆ, ಆ ಜನಸಾಗರದ ನಡುವೆ.

ಕ್ರೇನ್ ತಟ್ಟನೆ ನಿಂತಿತು.

ನೋಡಿ, ಇಷ್ಟು ವಯಸ್ಸಾಯಿತು, ಈಗಲೂ ಇದನ್ನು ಹೇಳುವಾಗ ಮೈ ಜುಮ್ಮೆನ್ನುತ್ತದೆ. ಅಷ್ಟು ದೂರ. ಅಷ್ಟು ತಲೆಗಳು, ಬಾವುಟಗಳು, ಗದ್ದಲ. ತೋಳು ಅಗಲಿಸಿದ್ದಕ್ಕೂ ಕ್ರೇನ್ ನಿಂತದ್ದಕ್ಕೂ ನಡುವೆ ಒಂದು ಉಸಿರಿನಷ್ಟೂ ಅಂತರ ಇರಲಿಲ್ಲ. ಅಂದರೆ ಬೆಳಗಿನಿಂದ ಅವಳು ನನ್ನನ್ನೇ ನೋಡುತ್ತಿದ್ದಳು.

"ಹೊರೆ ವಾಲಿದೆ, ಪಕ್ಕಕ್ಕೆ ಓಡ್ರೋ!" ಮಾವ ಗಂಟಲು ಹರಿಯುವಂತೆ ಕೂಗಿದರು. ತಳದಲ್ಲಿದ್ದವರು ಒಬ್ಬರ ಹಿಂದೊಬ್ಬರು ಏಣಿ ಹತ್ತಿ ಮೇಲೆ ಬಂದರು, ತಲೆಯ ಮೇಲೆ ತೂಗುತ್ತಿದ್ದದ್ದನ್ನು ನೋಡಿ ಬಿಳಿಚಿಕೊಂಡರು. ಮೈಕ್ ಸಾಹೇಬರು ಬೇಲಿಯ ಕಡೆಗೆ ಬೆನ್ನು ಹಾಕಿ ನಿಂತಿದ್ದರು. ಅವರಿಗೆ ಕಂಡದ್ದು ನಿಂತ ಕ್ರೇನ್ ಮಾತ್ರ.

"ಯಾಕಮ್ಮಾ ನಿಲ್ಲಿಸಿದ್ದು? ಇಳಿಸು!"

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಸ್ಟಾಪ್ ಇದೆ ಸಾರ್."

ಸಾಹೇಬರು ಬೇಲಿಯ ಕಡೆ ತಿರುಗಿ ನನ್ನನ್ನು ಕಂಡರು. "ಅವನು ನಮ್ಮವನಲ್ಲ!"

"ಯಾರೇ ಕೊಟ್ಟರೂ ಅಂತ ನೀವೇ ಬರೆಸಿದ್ದೀರಲ್ಲ."

"ನಿನ್ನ ಸಿಗ್ನಲ್‌ಮನ್ ಎಲ್ಲಿ ಸತ್ತ?"

"ಅದನ್ನೇ ಸಾರ್, ಬೇಲಿ ಆಚೆ ಅವರೆಲ್ಲ ಕೇಳ್ತಿರೋದು."

ಯಾರೂ ನಗಲಿಲ್ಲ. ಮಾವ ನಿಧಾನವಾಗಿ ತಮ್ಮ ತೋಳು ಅಗಲಿಸಿದರು. ಅವರ ಪಕ್ಕದವನು ಅಗಲಿಸಿದ. ಅವನ ಹೆಂಡತಿ ಅಗಲಿಸಿದಳು. ಮುದುಕರು ಕೋಲು ಬೇಲಿಗೆ ಒರಗಿಸಿ ನಡುಗುವ ತೋಳು ಚಾಚಿದರು. ಬೇಲಿಯುದ್ದಕ್ಕೂ, ಕಣ್ಣು ಹೋಗುವವರೆಗೂ, ತೋಳಿಗೆ ತೋಳು ತಾಗಿಸಿ ಜನ ನಿಂತರು. ಘೋಷಣೆ ಇಲ್ಲ, ಪಿಸುಮಾತಿಲ್ಲ. ಹಗ್ಗ ಕಿರ್ ಎನ್ನುವುದು ಕೇಳಿಸುತ್ತಿತ್ತು. ಸಮುದ್ರ ಕೂಡ ಉಸಿರು ಹಿಡಿದ ಹಾಗಿತ್ತು.

"ತೂಗಾಡೋ ಹೊರೆ ಬಿಟ್ಟು ಮುಷ್ಕರ ಮಾಡೋರಲ್ಲ ನಾವು," ಮಾವ ಮೆಲ್ಲಗೆ ಹೇಳಿದರು. "ಇಳಿಸ್ಕೊಡು ಅವಳಿಗೆ."

ಸುತ್ತಲಿನವರು ತೋಳು ಇಳಿಸಿ ನನ್ನೊಬ್ಬನಿಗೆ ಜಾಗ ಬಿಟ್ಟರು. ಕೆಂಪು ಬೆರಳು ತಿರುಗಿಸಿದೆ. ಸ್ವಲ್ಪ ಎತ್ತು. ಈ ಕಡೆ ಬಾ. ನಿಧಾನ. ಇನ್ನೂ ನಿಧಾನ. ಹೊರೆ ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ ದಡದ ಕಲ್ಲಿನ ಮೇಲೆ ಕೂತಿತು. ಹೊಟ್ಟೆಯ ಮುಂದೆ ಎರಡೂ ಕೈ ಹೆಣೆದೆ. ಎಲ್ಲ ಭದ್ರ. ಇದ್ದದ್ದು ಇದ್ದಲ್ಲೇ ಇರಲಿ.

ಅವಳು ಎಂಜಿನ್ ಆರಿಸಿದಳು.

ಆಗ ಎಲ್ಲರೂ ನೋಡಿದ್ದು ಪಕ್ಕದ ಕ್ರೇನನ್ನು. ಅಪ್ಪನ ಕ್ರೇನ್ ಇನ್ನೂ ಗುರುಗುಡುತ್ತಿತ್ತು. ಕೊಕ್ಕೆ ಸುಮ್ಮನೆ ತೂಗುತ್ತಿತ್ತು. ಮನುಷ್ಯ ಒಳಗೆ ಏನು ಯೋಚಿಸುತ್ತಿದ್ದರೋ. ಆಮೇಲೆ ಕೊಕ್ಕೆ ಒಂದು ಸಲ ಕೆಳಗಿಳಿಯಿತು, ಮತ್ತೆ ಮೇಲೇರಿತು. ತಲೆಯಾಡಿಸಿದ ಹಾಗೆ. ಮಗಳು ಅದನ್ನು ಯಾರಿಂದ ಕಲಿತಳು ಎಂದು ನನಗೆ ಅವತ್ತು ಗೊತ್ತಾಯಿತು. ಆ ಎಂಜಿನ್ನೂ ಆರಿತು. ಅದರ ಪಕ್ಕದ್ದು ಆರಿತು. ಅದರಾಚೆಯದು. ಇಡೀ ಕಟ್ಟೆಯ ಕ್ರೇನುಗಳು ಆಕಾಶಕ್ಕೆ ಕತ್ತು ಚಾಚಿದಂತೆ ಒಂದೊಂದಾಗಿ ನಿಂತವು. ಅಷ್ಟು ದೊಡ್ಡ ಮೌನವನ್ನು ನಾನು ಮತ್ತೆ ಕೇಳಿಲ್ಲ.

ಅವಳು ಏಣಿ ಇಳಿದು ನೇರ ಬೇಲಿಯ ಹತ್ತಿರ ಬಂದಳು. ಈಚೆ ನಾನು, ಆಚೆ ಅವಳು, ನಡುವೆ ತಂತಿ. ಬಾಯಿ ತೆರೆದೆ. ಒಂದು ಶಬ್ದವೂ ಬರಲಿಲ್ಲ.

"ಕೆಲಸ ಹೋಗಬಹುದು ನಂದು," ಎಂದಳು.

"ಹೋಗಕ್ಕೆ ಬಿಡಲ್ಲ," ಎಂದರು ಹಿಂದಿನಿಂದ ಇಳಿದು ಬಂದ ಅಪ್ಪ. ಮಾವನನ್ನು ನೋಡಿ ಒರಟಾಗಿ ಸೇರಿಸಿದರು, "ಏನ್ ಮೇಸ್ತ್ರಿ, ಚಹ ಕುಡಿಸ್ತೀಯೋ, ಬೇಲಿ ಆಚೆನೇ ನಿಲ್ಲಿಸ್ತೀಯೋ?" ಎರಡು ಯೂನಿಯನ್ನೂ ಸೇರಿದ ಮೇಲೆ ಕಂಪನಿ ಆ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡಿತು, ಅವಳ ಕೆಲಸವೂ ಉಳಿಯಿತು. ಅದೆಲ್ಲ ಆಮೇಲಿನ ಮಾತು.

ಆ ಹೊತ್ತಿಗೆ ನನ್ನ ಬಾಯಿ ಇನ್ನೂ ತೆರೆದೇ ಇತ್ತು.

"ಹೇಳು," ಎಂದಳು. ಗ್ರೀಸಿನ ಗೆರೆಯ ಮೇಲೆ ಕಣ್ಣೀರಿನ ಗೆರೆ. "ಅಷ್ಟು ದೂರದಿಂದ ಹೇಳ್ತೀಯ. ಹತ್ತಿರದಿಂದ ಬರಲ್ವಾ?"

ನಾನು ಬೇರೇನೂ ತೋಚದೆ, ನನಗೆ ಬರುವ ಭಾಷೆಯಲ್ಲೇ ಹೇಳಿದೆ. ಹೊಟ್ಟೆಯ ಮುಂದೆ ಎರಡೂ ಕೈ ಹೆಣೆದುಕೊಂಡೆ.

ಅವಳು ತಂತಿಯ ಸಂದಿನಿಂದ ಕೈ ಹಾಕಿ ನನ್ನ ಹೆಣೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒಂದು ಗ್ಲೌಸು ಎಳೆದು ತೆಗೆದಳು. ಆಮೇಲೆ ಆ ಬರಿಗೈಯ ಬೆರಳುಗಳ ನಡುವೆ ತನ್ನ ಬೆರಳುಗಳನ್ನು ಇಟ್ಟು ಹೆಣೆದಳು.

"ಹೀಗೆ," ಎಂದಳು. "ಇದ್ದದ್ದು ಇದ್ದಲ್ಲೇ ಇರಲಿ."