ದುಡ್ಡಿಗೆ ಮಾಡ್ದೆ ಅಂತ ಹೇಳ್ಬುಡು

"ನೀನ್ಯಾಕೆ ಬಂದೆ?"

ಹಾಸನದ ಜೈಲಿನ ಕಂಬಿಯಾಚೆ ನಿಂತ ಗೌರೀಶಂಕರ ಕೇಳಿದ್ದು ಅಷ್ಟೇ. ಅಪ್ಪನ ಕಣ್ಣು ತಪ್ಪಿಸಿ ಅರಕಲಗೂಡಿನಿಂದ ಬಸ್ಸು ಹತ್ತಿ ಬಂದವಳಿಗೆ ಸಿಗುವ ಮಾತು ಇದೇನಾ! ದೀಪಶ್ರೀ ಕಂಬಿಗೆ ಇನ್ನಷ್ಟು ಹತ್ತಿರ ಸರಿದಳು. ನಿಶ್ಚಿತಾರ್ಥದ ಸೀರೆ ಇನ್ನೂ ಬೀರುವಿನಲ್ಲಿದೆ. ಈ ಮಹಾರಾಯ ಮಾತ್ರ ತಾನು ನೋಡಲು ಬಂದಾಗಲೆಲ್ಲ ಮುಖ ತೋರಿಸದೆ ವಾಪಸ್ ಕಳಿಸಿದ್ದ.

ಇವನಿಗೆ ನಾನು ಬೇಡವಾದೆನಾ...?

ಮದುವೆ ಖರ್ಚಿಗೆ ಹೆಚ್ಚು ಬಾಡಿಗೆ ಸಿಗುತ್ತದೆಂದು, ರಾಮನಾಥಪುರದ ಹೊಗೆಸೊಪ್ಪಿನ ಬೇಲುಗಳ ಕೆಳಗೆ ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿ ಬಚ್ಚಿಟ್ಟು ಟೆಂಪೋ ಓಡಿಸಿದ ಭೂಪ ಇವನು. ಸಿಕ್ಕಿಬಿದ್ದದ್ದು ಅಣೆಕಟ್ಟೆಯ ರಸ್ತೆಯಲ್ಲಿ. ಕಟ್ಟೆ ಸಿಡಿಸಲು ಹೊರಟಿದ್ದನೆಂದು ಪೊಲೀಸರು ಭಯೋತ್ಪಾದನೆಯ ಕಲಂ ಹಾಕಿದರು. ಊರಿನ ಬಾಯಿಗೆ ಬೀಗ ಹಾಕುವವರುಂಟೇ?

ಅವನ ವಕೀಲೆ ಸ್ನೇಹಲತಾ ಅವಳಿಗೆ ಬಿಡಿಸಿ ಹೇಳಿದ್ದರು. ಜನರಲ್ಲಿ ಭೀತಿ ಹುಟ್ಟಿಸಲು, ದೇಶಕ್ಕೆ ಕೇಡು ಮಾಡಲು ಸಾಗಿಸಿದ್ದರೆ ಭಯೋತ್ಪಾದನೆ. ಲಾಭಕ್ಕಾಗಿ ಒಂದು ಗ್ಯಾಂಗು ಅದನ್ನೇ ಕಸುಬು ಮಾಡಿಕೊಂಡಿದ್ದರೆ ಸಂಘಟಿತ ಅಪರಾಧ. ಕಡ್ಡಿ ಅದೇ, ಉದ್ದೇಶ ಬೇರೆ. ಆದರೆ ಯಾರ ಕಲ್ಲು ಕ್ವಾರಿಗೆ ಹೋಗುತ್ತಿತ್ತೆಂದು ಇವನು ಬಾಯಿಬಿಡಬೇಕಲ್ಲ!

"ದುಡ್ಡಿಗೆ ಮಾಡ್ದೆ ಅಂತ ಹೇಳ್ಬುಡು ಶಂಕ್ರ."

"ಆಗಕಿಲ್ಲ. ಓಗು, ಬ್ಯಾರೆಯೋನ್ನ ಮದ್ವೆ ಮಾಡ್ಕೊ."

"ರಜನೀಶ್ ತಾನೇ?"

ಅವನ ಮುಖ ಬಿಳಿಚಿಕೊಂಡಿತು.

ಕ್ವಾರಿ ಗ್ಯಾಂಗಿನ ರಜನೀಶ್ ಹೋದ ವಾರ ಅವಳ ಮನೆಗೇ ಬಂದಿದ್ದ. ಜಗಲಿಯಲ್ಲಿ ಕೂತು ಕಾಫಿ ಕುಡಿದು, ಶಂಕರ ಬಾಯಿಬಿಟ್ಟರೆ ಹುಡುಗಿ ಮನೆ ಸೇರುವುದಿಲ್ಲ ಎಂದು ನಗುತ್ತಲೇ ಹೇಳಿಹೋಗಿದ್ದ. ಅಂದಿನಿಂದ ಅಪ್ಪ ಅವಳನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಇವನಿಗೊಂದು ಜೈಲು, ಅವಳಿಗೊಂದು ಜೈಲು.

"ನಿಂಗೂ ಅಂಗೇ ಎದರ್ಸಿದ್ನಾ? ಅದ್ಕೇ ನನ್ ಮೊಕ ನೋಡ್ನಿಲ್ವಾ?"

ಅವನು ಹೌದೆಂದು ತಲೆಯಾಡಿಸಿದ. ಕಣ್ಣು ತುಂಬಿತ್ತು. ಅಯ್ಯೋ, ಬೇಡವಾಗಿರಲಿಲ್ಲ... ಬೇಕಾಗಿದ್ದಕ್ಕೇ ಈ ಮೌನ!

"ಬೆಳಿಗ್ಗೆ ಮ್ಯಾಜಿಸ್ಟ್ರೇಟ್ ಮುಂದೆ ಅವನ ಹೆಸ್ರು ಹೇಳ್ಬುಟ್ಟು ಬಂದಿದೀನಿ. ನೀನೂ ಹೇಳಿದ್ರೇನೇ ಅವನು ಒಳಗೋಗೋದು. ಇನ್ ನೀನು ಸುಮ್ಕಿದ್ರೆ ನಾನ್ ಉಳಿಯಕಿಲ್ಲ ಕಣೋ."

ಗೌರೀಶಂಕರ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ವಕೀಲರನ್ನು ಕರೆಸಲು ಹೇಳಿದ.

ರಜನೀಶ್ ಒಳಗೆ ಹೋದ. ಶಂಕರನ ಮೇಲಿದ್ದ ಭಯೋತ್ಪಾದನೆಯ ಕಲಂ ಬಿದ್ದುಹೋಯಿತು, ಸಂಘಟಿತ ಅಪರಾಧದ್ದು ಉಳಿಯಿತು. ಕೋರ್ಟಿನ ಮೆಟ್ಟಿಲ ಬಳಿ, ಪೊಲೀಸರ ನಡುವೆ ನಿಂತೇ ಅವನು ಅವಳನ್ನು ನೋಡಿದ.

"ಇದ್ರಾಗೂ ಜೈಲೇ ಕಣೆ. ಎಷ್ಟು ವರ್ಸವೋ... ಕಾಯ್ತೀಯಾ?"

"ದೇಶ ಸುಡೋನಾಗಿದ್ರೆ ಕಾಯ್ತಿರ್ನಿಲ್ಲ," ಎಂದಳು ದೀಪಶ್ರೀ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ನೀನು ದುಡ್ಡಿನ ಆಸೆಗೆ ಬಿದ್ದ ದಡ್ಡ. ಬೇಗ ಬಾ... ನಿಂಗೆ ಬೈಯೋದು ಬಾಳ ಐತೆ."